ಜವರಯ್ಯನ ಬೆನ್ನಿನ ನಾಲ್ಕು ಸ್ಕ್ರೂ

ಬೆನ್ನುಮೂಳೆಗೆ ಹಾಕುವ ಸ್ಕ್ರೂಗಳನ್ನು ಮೊದಲ ಸಲ ನೋಡಿದಾಗ, ಯಾರೋ ಗ್ಯಾರೇಜಿನ ಸಾಮಾನನ್ನು ತಪ್ಪಿ ಆಸ್ಪತ್ರೆಗೆ ಇಳಿಸಿ ಹೋಗಿದ್ದಾರೆ ಅಂದುಕೊಂಡೆ. ಒಂದು ಅಲ್ಯೂಮಿನಿಯಂ ಪೆಟ್ಟಿಗೆ. ತೆರೆದರೆ ಒಳಗೆ ತೂತು ತೂತಿನ ತಟ್ಟೆ. ಒಂದೊಂದು ತೂತಿನಲ್ಲೂ ಕಿರುಬೆರಳಿನಷ್ಟು ಉದ್ದದ ಸ್ಕ್ರೂ. ಪಕ್ಕದಲ್ಲಿ ಪೆನ್ಸಿಲ್ಲಿಗಿಂತ ತುಸು ಸಣ್ಣ ಕಂಬಿಗಳು, ಕಂಬಿ ಬಗ್ಗಿಸುವ ಇಕ್ಕಳ, ಒಂದು ಸುತ್ತಿಗೆ. "ಇದೆಲ್ಲ ಎಲ್ಲಿಗೆ ಸಿಸ್ಟರ್?" ಎಂದು ಕೇಳಿದೆ. ಆಪರೇಷನ್ ಥಿಯೇಟರಿನ ಲಿಸ್ಸಿ ಸಿಸ್ಟರ್ ನನ್ನನ್ನು ತಿರುಗಿಸಿ ನಿಲ್ಲಿಸಿ, ಸೀರೆಯ ಮೇಲಿಂದಲೇ ನನ್ನ ಬೆನ್ನುಮೂಳೆಯ ಎರಡೂ ಪಕ್ಕಕ್ಕೆ ಬೆರಳಿಟ್ಟು ಒತ್ತಿ, "ಇಲ್ಲಿಗೆ" ಎಂದರು. ಆ ಮಧ್ಯಾಹ್ನ ನಾನು ತಂದಿದ್ದ ಬುತ್ತಿಯನ್ನು ಬಿಚ್ಚಲೇ ಇಲ್ಲ.

ಈಗ ಕೆಲಸದಿಂದ ನಿವೃತ್ತಳಾಗಿ ಗುಂಡ್ಲುಪೇಟೆಯ ಮನೆಯಲ್ಲಿದ್ದೇನೆ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ, ಮಾದಪ್ಪನ ಪಟದ ಮುಂದೆ ದೀಪ ಹಚ್ಚಿ, ಹಿಂದಿನ ದಿನ ದೇವರು ಮಾಡಿದ ಸಣ್ಣಪುಟ್ಟ ಉಪಕಾರಗಳನ್ನು ಬೆರಳಿನಲ್ಲಿ ಎಣಿಸುತ್ತೇನೆ. ಹಾಲು ಒಡೆಯಲಿಲ್ಲ, ಒಂದು. ಮಂಡಿನೋವು ಮೆಟ್ಟಿಲು ಹತ್ತುವಾಗ ಮಾತ್ರ ಬಂತು, ಎರಡು. ಇದು ನನ್ನ ಅವ್ವನಿಂದ ಬಂದ ಅಭ್ಯಾಸ. ಕೆಲಸದಲ್ಲಿದ್ದಾಗಲೂ ಇತ್ತು. ಈ ಅಭ್ಯಾಸದಿಂದಲೇ ಒಮ್ಮೆ ಒಂದು ಹುಡುಗಿಯ ಬೆನ್ನು ಕೆಡುವುದರಲ್ಲಿತ್ತು. ಆಪರೇಷನ್ ಸಾಮಾನು ತೊಳೆದು ಬೇಯಿಸುವ ಕೋಣೆಗೆ ಹೊಸದಾಗಿ ಸೇರುವ ಹೆಣ್ಣುಮಕ್ಕಳು ಅದನ್ನು ತಿಳಿದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ಎಸ್ಸೆಸ್ಸೆಲ್ಸಿ ಫೇಲಾದವಳು. ಇಬ್ಬರು ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಚಾಮರಾಜನಗರದ ಒಂದು ಮೂಳೆ ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿದೆ. ದಿನಾ ಬೆಳಿಗ್ಗೆ ತೆರಕಣಾಂಬಿ ಮೇಲೆ ಹೋಗುವ ಬಸ್ಸು. ಒಂದು ದಿನ ಲಿಸ್ಸಿ ಸಿಸ್ಟರ್ ನಾನು ಬಕೆಟ್ ತೊಳೆದಿಟ್ಟ ರೀತಿಯನ್ನು ನೋಡಿ, "ಇವಳನ್ನು ನನಗೆ ಕೊಡಿ" ಎಂದು ಕೇಳಿ ಆ ಕೋಣೆಗೆ ಹಾಕಿಸಿಕೊಂಡರು. ವಯನಾಡಿನ ಕಡೆಯವರು. ಕನ್ನಡ ಕಲಿತದ್ದು ರೋಗಿಗಳಿಂದ, ಹಾಗಾಗಿ ಅವರ ಕನ್ನಡದಲ್ಲಿ ನೋವು, ವಾಂತಿ, ಜ್ವರದ ಮಾತೇ ಹೆಚ್ಚು. ನನ್ನನ್ನು ಬೈಯುವಾಗ ಮಾತ್ರ ಮಲಯಾಳಂ. ಅದು ಅರ್ಥವಾಗುತ್ತಿರಲಿಲ್ಲವಾದ್ದರಿಂದ ಅದನ್ನೂ ಒಂದು ಉಪಕಾರ ಎಂದೇ ಎಣಿಸುತ್ತಿದ್ದೆ.

ಕೆಲಸ ಅಡುಗೆಮನೆಯದೇ. ಸಾಮಾನು ಉಜ್ಜು, ಒಣಗಿಸು, ಬಟ್ಟೆಯಲ್ಲಿ ಕಟ್ಟು, ಆಟೋಕ್ಲೇವ್ ಎನ್ನುವ ದೊಡ್ಡ ಕುಕ್ಕರಿನಲ್ಲಿಡು. ಗಂಟಿನ ಮೇಲೆ ಅಂಟಿಸಿದ ಪಟ್ಟಿಯ ಬಿಳಿ ಗೆರೆ ಕಪ್ಪಾದರೆ ಬೆಂದಿದೆ ಎಂದು ಅರ್ಥ. ಮೊದಲ ವರ್ಷಗಳಲ್ಲಿ ನಾನು ಮಾಡಿದ ಎಡವಟ್ಟು ಒಂದೆರಡಲ್ಲ. ಬಣ್ಣದ ಸ್ಕ್ರೂ ಹೊಸದಾಗಿ ಬಂದಾಗ ಒಮ್ಮೆ ತಟ್ಟೆಯನ್ನು ತೊಳೆದು ಜೋಡಿಸುವಾಗ ನೀಲಿ ಒಂದು ಸಾಲು, ಬಂಗಾರದ ಬಣ್ಣ ಒಂದು ಸಾಲು, ಹಸಿರು ಒಂದು ಸಾಲು ಎಂದು ಬಳೆ ಜೋಡಿಸಿದ ಹಾಗೆ ಜೋಡಿಸಿಬಿಟ್ಟೆ. ನೋಡಲು ಬಹಳ ಚೆನ್ನಾಗಿತ್ತು. ಬಣ್ಣ ಹೇಳುವುದು ದಪ್ಪವನ್ನು ಮಾತ್ರ, ಉದ್ದ ಬೇರೆಬೇರೆ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಮೈಸೂರಿನಿಂದ ವಾರಕ್ಕೆರಡು ದಿನ ಬರುತ್ತಿದ್ದ ಬೆನ್ನಿನ ಡಾಕ್ಟರು ನಲವತ್ತರದು ಕೇಳಿದರೆ ಕೈಗೆ ನಲವತ್ತೈದರದು ಬಂತು. ಅವರು ಪ್ರತಿಯೊಂದನ್ನೂ ಅಳೆದೇ ಹಾಕುವವರಾದ್ದರಿಂದ ಏನೂ ಆಗಲಿಲ್ಲ. ಆಪರೇಷನ್ ಮುಗಿದ ಮೇಲೆ ಕೋಣೆಗೆ ಬಂದು, "ಮಾದೇವಮ್ಮ, ಐದು ಮಿಲಿಮೀಟರ್ ಅಂದರೆ ಎಷ್ಟು ಗೊತ್ತಾ?" ಎಂದು ಕೇಳಿ, ನನ್ನ ಉಗುರನ್ನು ತೋರಿಸಿ, "ಇದರ ಅರ್ಧ. ಅಷ್ಟು ಮುಂದೆ ಹೋದರೆ ದೊಡ್ಡ ರಕ್ತನಾಳ" ಎಂದರು. ಆ ಡಾಕ್ಟರು ಎಂದೂ ಕೂಗಿದವರಲ್ಲ. ಸಿಟ್ಟು ಬಂದಷ್ಟೂ ಅವರ ದನಿ ಸಣ್ಣದಾಗುತ್ತಿತ್ತು. ಆ ದಿನ ಅವರ ಮಾತು ಕೇಳಿಸಿಕೊಳ್ಳಲು ನಾನು ಹತ್ತಿರ ಹೋಗಬೇಕಾಯಿತು.

ಆಯುಧಪೂಜೆಗೆ ಸಾಮಾನುಗಳಿಗೆಲ್ಲ ಕುಂಕುಮ ಇಡಬೇಕೆಂದು ನನ್ನ ಆಸೆ. ಲಿಸ್ಸಿ ಸಿಸ್ಟರ್ ಒಪ್ಪಲಿಲ್ಲ. "ಕುಕ್ಕರಿನ ಬಾಗಿಲಿಗೆ, ಹೊರಗಡೆ, ಒಂದೇ ಬೊಟ್ಟು" ಎಂದರು. ಅಷ್ಟಕ್ಕೇ ತೃಪ್ತಿಪಟ್ಟುಕೊಂಡೆ.

ನಾನು ಸೇರಿದ ಕಾಲದಲ್ಲಿ ಬೆನ್ನಿನ ಆಪರೇಷನ್ ಎಂದರೆ ಗೇಣುದ್ದದ ಗಾಯ, ಸ್ಟೀಲಿನ ಸಾಮಾನು. ಆಮೇಲೆ ಹಗುರವಾದ ಟೈಟಾನಿಯಂ ಬಂತು. ಮೂಳೆಯೊಳಗೆ ಸ್ಕ್ರೂ ಎಲ್ಲಿ ಹೋಗುತ್ತಿದೆ ಎಂದು ಪರದೆಯ ಮೇಲೆ ತೋರಿಸುವ ಎಕ್ಸರೇ ಯಂತ್ರ ಬಂತು, ಗಾಯ ಚಿಕ್ಕದಾಯಿತು. ಆಸ್ಪತ್ರೆ ಸ್ಕ್ರೂಗಳನ್ನು ಕೊಂಡು ಇಡುತ್ತಿರಲಿಲ್ಲ. ಆಪರೇಷನ್ ಇದ್ದಾಗ ಮೈಸೂರಿನಿಂದ ನಾಗರಾಜಪ್ಪ ಎನ್ನುವವರು ಪೆಟ್ಟಿಗೆ ತಂದುಕೊಡುತ್ತಿದ್ದರು. ಬಳಸಿದ್ದನ್ನು ಬರೆದುಕೊಂಡು ಉಳಿದದ್ದನ್ನು ಒಯ್ಯುತ್ತಿದ್ದರು.

ಜವರಯ್ಯ ಬಂದದ್ದು ಟೈಟಾನಿಯಂ ಕಾಲದಲ್ಲಿ. ಹಂಗಳದವನು, ಬಂಡೀಪುರದಲ್ಲಿ ಅರಣ್ಯ ಇಲಾಖೆಯ ವಾಚರ್. ಕಾಡಿನ ಬೆಂಕಿ ನೋಡಲು ಕಟ್ಟಿದ ಅಟ್ಟಣೆಯಿಂದ ಬಿದ್ದು ಬೆನ್ನಿನ ಒಂದು ಮೂಳೆ ನುಚ್ಚಾಗಿತ್ತು. ಮುರಿದ ಮೂಳೆಯ ಮೇಲೆರಡು, ಕೆಳಗೆರಡು ಸ್ಕ್ರೂ ಹಾಕಿ, ಎರಡು ಕಂಬಿಯಿಂದ ಬಿಗಿದರು. ಮೂರನೇ ತಿಂಗಳಿಗೆ ನಡೆದುಕೊಂಡು ಬಂದ. ಬರುವಾಗ ಒಂದು ಚೀಲ ಚೆಂಡುಹೂವು. "ತಕೋ ಅಕ್ಕ, ನಿನ್ ಕುಕ್ಕರ್‌ಗೆ ಮುಡ್ಸು" ಎಂದು ನಗುತ್ತಿದ್ದ. ಒಂದೂವರೆ ವರ್ಷಕ್ಕೆ ಮೂಳೆ ಚೆನ್ನಾಗಿ ಕೂಡಿಕೊಂಡಿತು, ಇನ್ನು ಕಂಬಿಗೆ ಕೆಲಸವಿಲ್ಲ ಎಂದು ಡಾಕ್ಟರು ಎಲ್ಲವನ್ನೂ ತೆಗೆದರು. ಆಗ ತೆಗೆದದ್ದನ್ನು ರೋಗಿಯ ಕೈಗೇ ಕೊಡುವ ರೂಢಿ. ನಾಲ್ಕು ಸ್ಕ್ರೂಗಳನ್ನು ಒಂದು ಬಾಟಲಿಗೆ ಹಾಕಿ ಕೊಟ್ಟವಳು ನಾನೇ. ಕಂಬಿಗಳನ್ನು ಅವನು ಬೇಡವೆಂದ.

ಅದಾಗಿ ಏಳೆಂಟು ವರ್ಷ ಕಳೆಯಿತು. ಒಂದು ಗುರುವಾರ ಮಧ್ಯಾಹ್ನ ಜವರಯ್ಯನ ಹೆಂಡತಿ ಕೆಂಪಮ್ಮ ನಮ್ಮ ಕೋಣೆಯ ಬಾಗಿಲಿಗೆ ಬಂದಳು. ಕುತ್ತಿಗೆಯಲ್ಲಿ ತಾಳಿ ಇರಲಿಲ್ಲ.

"ಎದೆ ನೋವು ಅಂದ್ರು ಕಣವ್ವ. ಆಟೋ ಬರಗಂಟ ಇರ್ನಿಲ್ಲ. ತಿಂಗ್ಳಾಯ್ತು" ಎಂದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ ಒಂದು ಹಿತ್ತಾಳೆ ಭರಣಿ ತೆಗೆದಳು. ಒಳಗೆ ಕುಂಕುಮ. ಕುಂಕುಮದ ಒಳಗೆ ಆ ನಾಲ್ಕು ಸ್ಕ್ರೂ.

"ದೇವ್ರ ಗೂಡಲ್ಲಿ ಮಡಗಿದ್ರು. ಸ್ವಾಮಾರ ಸ್ವಾಮಾರ ಪೂಜೆ ಮಾಡೋರು. ನನ್ ನಿಲ್ಸಿದ್ದು ಇವೇ ಕಣಮ್ಮಿ ಅನ್ನೋರು. ಈಗ ನಿಂತ್ಕಳೋರೇ ಒಂಟೋದ್ರು. ನನ್ಗ್ಯಾಕವ್ವ ಇವು. ಯಾರಾರ ಬಿದ್ದೋರ್ಗೆ ಆಕ್ಬುಡಿ. ಅವ್ರ್ ಎಸ್ರಲ್ಲಿ ಇನ್ನೊಬ್ರು ನಡುದ್ರೆ ಸಾಕು."

ಇಸಿದುಕೊಂಡೆ.

ಅದೇ ಹೊತ್ತಿಗೆ ಮೇಲಿನ ವಾರ್ಡಿನಲ್ಲಿ ಶಬಾನಾ ಮಲಗಿದ್ದಳು. ಗುಂಡ್ಲುಪೇಟೆಯ ಒಬ್ಬ ಟೈಲರ್ ಮಗಳು, ಹತ್ತೊಂಬತ್ತು ವರ್ಷ. ತಾರಸಿಯ ಮೇಲೆ ಒಣಹಾಕಿದ್ದ ಮೆಣಸಿನಕಾಯಿಗೆ ಕೋತಿ ಬಂತೆಂದು ಓಡಿಸಲು ಹೋಗಿ ಬಿದ್ದಿದ್ದಳು. ಜವರಯ್ಯನಿಗೆ ಮುರಿದ ಮೂಳೆಯೇ ಅವಳಿಗೂ ಮುರಿದಿತ್ತು. ಕಾಲಿನ ಶಕ್ತಿ ಗಂಟೆಗಂಟೆಗೂ ಇಳಿಯುತ್ತಿತ್ತು. ಶುಕ್ರವಾರ ಬೆಳಿಗ್ಗೆ ಆಪರೇಷನ್. ಆದರೆ ನಾಗರಾಜಪ್ಪ ಆ ಸಲ ಕಳಿಸಿದ್ದ ಪೆಟ್ಟಿಗೆಯಲ್ಲಿ ಅವಳಿಗೆ ಬೇಕಾದ ಅಳತೆಯ ಸ್ಕ್ರೂ ಇರಲಿಲ್ಲ. ಆ ಸಾಲಿನ ತೂತುಗಳೆಲ್ಲ ಖಾಲಿ. ಬೆಳಿಗ್ಗೆ ಇನ್ನೊಂದು ಡಬ್ಬ ತರುತ್ತೇನೆ ಎಂದಿದ್ದರು. ಡಬ್ಬ ಬಂದ ಮೇಲೆಯೇ ಶುರುಮಾಡುವುದು ಎಂದು ಡಾಕ್ಟರು ಹೇಳಿದ್ದರು.

ಜವರಯ್ಯನ ಸ್ಕ್ರೂಗಳನ್ನು ತೊಳೆದು ತಲೆಯ ಮೇಲೆ ಕೆತ್ತಿದ ಅಳತೆ ಓದಿದೆ. ಅವಳಿಗೆ ಬೇಕಾದದ್ದೇ. ಬೇಕಾದ ಅಳತೆ, ಬೇಕಾದಷ್ಟೇ ಸಂಖ್ಯೆ, ಬೇಕಾದ ದಿನವೇ, ಕುಂಕುಮದಲ್ಲಿ ಮುಳುಗಿ ಬಂದಿವೆ. ಇದಕ್ಕಿಂತ ದೊಡ್ಡ ಉಪಕಾರವನ್ನು ನಾನು ಆವರೆಗೆ ಎಣಿಸಿಯೇ ಇರಲಿಲ್ಲ. ಇಲ್ಲಿಯೇ ನಾನು ತಪ್ಪಿದೆ. ಬ್ರಷ್ಷಿನಲ್ಲಿ ಸುತ್ತುಗೆರೆ ಒಂದನ್ನೂ ಬಿಡದೆ ಉಜ್ಜಿದೆ, ಔಷಧದ ನೀರಿನಲ್ಲಿ ನೆನೆಸಿದೆ, ಖಾಲಿ ತೂತುಗಳಲ್ಲಿ ನಿಲ್ಲಿಸಿ ಇಡೀ ತಟ್ಟೆಯನ್ನು ಬೇಯಿಸಿದೆ. ಪಟ್ಟಿಯ ಗೆರೆ ಕಪ್ಪಾಯಿತು. ಒಮ್ಮೆ ಮೈಯಿಂದ ತೆಗೆದದ್ದನ್ನು ಇನ್ನೊಬ್ಬರಿಗೆ ಹಾಕುವುದಿಲ್ಲ ಎಂದು ನನಗೆ ಗೊತ್ತಿತ್ತು. ಅದು ಎಂಜಲಿನ ಲೆಕ್ಕ, ಚೆನ್ನಾಗಿ ಬೇಯಿಸಿದರೆ ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಲಿಸ್ಸಿ ಸಿಸ್ಟರಿಗೆ ಹೇಳಲಿಲ್ಲ. ಹೇಳಿದರೆ ಬೇಡ ಅನ್ನುತ್ತಾರೆ ಎಂಬ ಭಯ ಒಳಗೆಲ್ಲೋ ಇತ್ತು. ಆ ಭಯವನ್ನು ನಾನು ಕೇಳಿಸಿಕೊಳ್ಳಲಿಲ್ಲ.

ಮಾರನೆಯ ದಿನ ಬೆಳಗಾಗುವಷ್ಟರಲ್ಲಿ ಶಬಾನಾಳ ಎಡಗಾಲು ಅಲ್ಲಾಡುವುದು ನಿಂತಿತ್ತು. ಡಾಕ್ಟರು ಬಂದವರೇ ತಟ್ಟೆಯಲ್ಲಿ ಏನಿದೆ ನೋಡಿ ಎಂದರು. ಲಿಸ್ಸಿ ಸಿಸ್ಟರ್ ತೆರೆದು ನೋಡಿ, ಮತ್ತೊಮ್ಮೆ ಎಣಿಸಿ, "ನಾಲ್ಕಿದೆ ಸಾರ್. ನಾನೇ ನಿನ್ನೆ ಸರಿಯಾಗಿ ನೋಡಿಲ್ಲ ಅನ್ಸುತ್ತೆ" ಎಂದರು. ನಾನು ಅಲ್ಲೇ ಇದ್ದೆ. ಬಾಯಿ ಬಿಡಲಿಲ್ಲ. ಹುಡುಗಿಯನ್ನು ಒಳಗೆ ಒಯ್ದರು.

ಒಂದು ಗಂಟೆ ಕಳೆದ ಮೇಲೆ ನಾಗರಾಜಪ್ಪ ಬೆವರು ಒರೆಸಿಕೊಳ್ಳುತ್ತಾ ಡಬ್ಬದೊಂದಿಗೆ ಬಂದರು. ಶುರುವಾಗಿದೆ ಎಂದು ತಿಳಿದು ಬೆಪ್ಪಾದರು.

"ಸ್ಕ್ರೂ ಇಲ್ದೆ ಹೆಂಗಮ್ಮ ಶುರುಮಾಡಿದ್ರು?"

ನನಗೆ ಹೆಮ್ಮೆ ತಡೆಯಲಾಗಲಿಲ್ಲ. ಕೆಂಪಮ್ಮ ಬಂದದ್ದು, ಭರಣಿ, ಅಳತೆ ಸರಿಹೋದದ್ದು, ಎಲ್ಲವನ್ನೂ ಹೇಳಿಬಿಟ್ಟೆ. "ನೀವು ತಡ ಮಾಡಿದ್ರೂ ಮಾದಪ್ಪ ತಡ ಮಾಡ್ಲಿಲ್ಲ ನೋಡಿ" ಎಂದೆ.

ಅವರು ನಗಲಿಲ್ಲ. ಡಬ್ಬ ಕಟ್ಟಿದ್ದ ಬೈಂಡಿಂಗ್ ತಂತಿಯನ್ನು ಬಿಚ್ಚಿ ನನ್ನ ಮುಂದೆ ಹಿಡಿದು ಬಗ್ಗಿಸಿದರು. ನೆಟ್ಟಗೆ ಮಾಡಿದರು. ಮತ್ತೆ ಬಗ್ಗಿಸಿದರು. ಮತ್ತೆ ನೆಟ್ಟಗೆ. ಐದನೆಯದೋ ಆರನೆಯದೋ ಸಲಕ್ಕೆ ತಂತಿ ತುಂಡಾಗಿ ಅವರ ಬೆರಳಿನಲ್ಲಿ ಉಳಿಯಿತು.

"ಒಂದೂವರೆ ವರ್ಷ ಒಬ್ಬನ ಮೈಭಾರ ಹೊತ್ತಿರೋ ಸ್ಕ್ರೂ ಕಣಮ್ಮ ಅದು. ಅವ್ನು ಬಗ್ಗಿದಾಗೆಲ್ಲ, ಎದ್ದಾಗೆಲ್ಲ ಒಳಗೇ ಸೋತಿರತ್ತೆ. ಬಿರುಕು ಕಣ್ಣಿಗೆ ಕಾಣಲ್ಲ. ನೀವು ಎಷ್ಟು ಬೇಯ್ಸಿದ್ರೂ ಅದು ಹೋಗಲ್ಲ. ಮುರಿದ್ರೆ ಆ ಹುಡ್ಗಿ ಬೆನ್ನೊಳಗೇ ಮುರಿಯತ್ತೆ."

ನನ್ನ ಕಿವಿಯಲ್ಲಿ ಗುಂಯ್ ಎಂದಿತು. ಇವತ್ತಿಗೂ ಯಾರಾದರೂ ತಂತಿ ಬಗ್ಗಿಸುವುದನ್ನು ಕಂಡರೆ ಅದೇ ಸದ್ದು ಬರುತ್ತದೆ. ಚಪ್ಪಲಿ ಬಿಟ್ಟೆನೋ ಇಲ್ಲವೋ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಥಿಯೇಟರಿನ ಬಾಗಿಲು ತಳ್ಳಿದೆ.

"ಸಾರ್, ಆ ಸ್ಕ್ರೂ ಹಳೇವು. ಜವರಯ್ಯಂದು. ನಾನೇ ಇಟ್ಟೆ."

ಒಳಗೆ ಯಂತ್ರದ ಕುಂಯ್‌ಗುಟ್ಟುವಿಕೆ ಮಾತ್ರ ಕೇಳುತ್ತಿತ್ತು. ಡಾಕ್ಟರು ತಲೆ ಎತ್ತಲಿಲ್ಲ.

"ಎಷ್ಟು?"

"ನಾಲ್ಕು ಸಾರ್."

"ತಟ್ಟೆಯಲ್ಲಿ ಮೂರಿದೆ." ದನಿ ಎಷ್ಟು ಸಣ್ಣದಾಗಿತ್ತೆಂದರೆ ಲಿಸ್ಸಿ ಸಿಸ್ಟರ್ ಅದನ್ನು ನನಗಾಗಿ ಮತ್ತೊಮ್ಮೆ ಹೇಳಬೇಕಾಯಿತು. ನಾಲ್ಕನೆಯದು ಹುಡುಗಿಯ ಬೆನ್ನೊಳಗೆ ಇತ್ತು.

ಡಾಕ್ಟರು ಅದೇ ದನಿಯಲ್ಲಿ, "ತೆಗೀತೀನಿ. ತೂತು ಸಡಿಲ ಆಗತ್ತೆ, ಆ ಜಾಗಕ್ಕೆ ಒಂದು ಅಳತೆ ದಪ್ಪದ್ದು ಬೇಕು. ಹೊಸ ಡಬ್ಬ ಬಂದಿದೆಯಾ? ಬೇಯಿಸಿ ತನ್ನಿ. ಗಾಯಕ್ಕೆ ಒದ್ದೆ ಬಟ್ಟೆ ಮುಚ್ಚಿ ಕಾಯ್ತೀನಿ. ಮಾದೇವಮ್ಮ, ಅವಸರ ಮಾಡಬೇಡಿ. ಒಂದು ನಿಮಿಷ ಮುಂಚೆಯೂ ತೆಗೀಬೇಡಿ" ಎಂದರು.

ಆ ಅರ್ಧ ಗಂಟೆಯನ್ನು ನಾನು ಯಾವ ಬೆರಳಿನಲ್ಲೂ ಎಣಿಸಲಾರೆ. ಡಬ್ಬದಿಂದ ಒಂದು ಹೆಚ್ಚಿಗೆ ಸೇರಿಸಿ ಐದು ಹೊಸ ಸ್ಕ್ರೂ ತೆಗೆದು ನಾಗರಾಜಪ್ಪ ಒಂದೊಂದರ ಅಳತೆ ಕೂಗಿದರು, ನಾನು ತಿರುಗಿ ಕೂಗಿದೆ. ಕುಕ್ಕರ್ ಮುಚ್ಚಿದೆ. ಒತ್ತಡದ ಮುಳ್ಳು ಏಳಬೇಕು, ನಿಲ್ಲಬೇಕು, ಇಳಿಯಬೇಕು. ಬಾಗಿಲಿನ ಮೇಲೆ ಹಿಂದಿನ ಆಯುಧಪೂಜೆಯ ಕುಂಕುಮ ಇನ್ನೂ ಇತ್ತು. ಮಾದಪ್ಪನ ಹೆಸರು ಬಾಯಿಗೆ ಬಂತು. ಆದರೆ ಕಣ್ಣು ಮುಚ್ಚಲು ಧೈರ್ಯವಾಗಲಿಲ್ಲ. ಕಣ್ಣು ಮುಚ್ಚಿದರೆ ಮುಳ್ಳು ಕಾಣುವುದಿಲ್ಲ. ಗೋಡೆಯ ಆಚೆ ಆ ಹುಡುಗಿ ಬೆನ್ನು ತೆರೆದುಕೊಂಡು ಬೋರಲು ಮಲಗಿದ್ದಳು. ಲಿಸ್ಸಿ ಸಿಸ್ಟರ್ ಎರಡು ಸಲ ಬಾಗಿಲಿನಲ್ಲಿ ಇಣುಕಿದರು. ಬೈಯಲಿಲ್ಲ. ಮಲಯಾಳಂನಲ್ಲೂ ಬೈಯಲಿಲ್ಲ. ಅದನ್ನು ನೋಡಿ ನನಗೆ ಇನ್ನೂ ಭಯವಾಯಿತು.

ಗೆರೆ ಕಪ್ಪಾಯಿತು. ಕೊಟ್ಟೆ. ಹಾಕಿದರು.

ಸಂಜೆ ಡಾಕ್ಟರು ನನ್ನನ್ನು ಕರೆದರು. "ತಾಯಿಗೆ ಹೇಳಬೇಕು. ನಾನು ಹೇಳ್ತೀನಿ. ನೀವೂ ಬನ್ನಿ" ಎಂದರು. ಮುಚ್ಚಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ನಾನು ಕಂಡ ಮೇಲಧಿಕಾರಿಗಳ ಬಗ್ಗೆ ಯಾರಾದರೂ ಕೇಳಿದರೆ ಇದೊಂದನ್ನು ಹೇಳುತ್ತೇನೆ.

ಶಬಾನಾಳ ತಾಯಿ ನೂರ್‌ಜಾನ್ ಪೂರ್ತಿ ಕೇಳಿಸಿಕೊಂಡು ನನ್ನ ಕಡೆ ತಿರುಗಿದರು.

"ಯಾರ್ದು ಅದು?"

"ಹಂಗಳದ ಜವರಯ್ಯ ಅಂತ. ತೀರ್ಕೊಂಡ್ರು. ಅವರ ಹೆಂಡ್ತಿ ಕೊಟ್ಟಿದ್ರು, ಬಿದ್ದವರಿಗೆ ಹಾಕಿ ಅಂತ."

"ಆಯಮ್ಮ ಒಳ್ಳೇ ಮನಸ್ಸಿಂದ ಕೊಟ್ರು. ಅವ್ರಿಗೆ ಗೊತ್ತಿಲ್ಲ. ನಿಮ್ಗೆ ಗೊತ್ತಿರ್ಬೇಕಿತ್ತಲ್ಲಮ್ಮ? ಇಷ್ಟು ವರ್ಷ ಇಲ್ಲೇ ಇದೀರಲ್ಲ?" ಎಂದರು.

ಆಮೇಲೆ ಶಬಾನಾ ಆಸ್ಪತ್ರೆಯಲ್ಲಿ ಇದ್ದಷ್ಟು ದಿನವೂ ಅವರು ನನ್ನೊಡನೆ ಮಾತಾಡಲಿಲ್ಲ. ಹುಡುಗಿಯ ಹಾಸಿಗೆಯ ಬಟ್ಟೆಯನ್ನು ನಾನು ಮುಟ್ಟಲು ಹೋದರೆ ತಾವೇ ಬದಲಿಸುತ್ತಿದ್ದರು.

ನನ್ನನ್ನು ಆ ಕೋಣೆಯಿಂದ ತೆಗೆದು ನಾಲ್ಕು ತಿಂಗಳು ಬಟ್ಟೆ ಒಗೆಯುವಲ್ಲಿಗೆ ಹಾಕಿದರು. ಕೆಲಸ ಹೋಗಲಿಲ್ಲ. ಅದು ನನ್ನ ಯೋಗ್ಯತೆಗೆ ಮೀರಿದ ಉಪಕಾರ. ಅಷ್ಟರಲ್ಲಿ ರೀತಿನೀತಿ ಬದಲಾಯಿತು. ಮೈಯಿಂದ ತೆಗೆದ ಸ್ಕ್ರೂಗಳನ್ನು ಯಾರಾದರೂ ಕೇಳಿದರೆ, ಸುತ್ತುಗೆರೆಗಳನ್ನು ಜಜ್ಜಿ ಕೊಡತೊಡಗಿದರು, ಮತ್ತೆ ಯಾವ ತಟ್ಟೆಯಲ್ಲೂ ಕೂರದ ಹಾಗೆ. ಹಾಕಿದ ಪ್ರತಿ ಸ್ಕ್ರೂವಿನ ನಂಬರ್ ರೋಗಿಯ ಕಾಗದದಲ್ಲಿ ಬರೆಯುವುದು ಕಡ್ಡಾಯವಾಯಿತು. ತಟ್ಟೆಯನ್ನು ಇಬ್ಬರು ನೋಡಿ ರುಜು ಹಾಕಬೇಕು. ತೂತು ಖಾಲಿ ಇದ್ದರೆ ಖಾಲಿ ಎಂದೇ ಬರೆಯಬೇಕು. ನೀವು ಈಗ ಇದನ್ನೆಲ್ಲ ಕಿರಿಕಿರಿ ಎನ್ನುತ್ತೀರಿ. ನಿಮ್ಮ ಫಾರಂನಲ್ಲಿ "ಖಾಲಿ" ಎನ್ನುವ ಆ ಕಲಮು ನನ್ನಿಂದ ಬಂದದ್ದು.

ಆ ನಾಲ್ಕು ಸ್ಕ್ರೂಗಳನ್ನು ಡಾಕ್ಟರು ಜಜ್ಜಿಸಿ ನನ್ನ ಕೈಗೆ ಕೊಟ್ಟು, "ಕೊಟ್ಟವರಿಗೆ ನೀವೇ ವಾಪಸ್ ಕೊಡಿ" ಎಂದರು. ಭಾನುವಾರ ಹಂಗಳಕ್ಕೆ ಹೋದೆ. ಕೆಂಪಮ್ಮ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು. ನಡೆದದ್ದನ್ನು ಹೇಳಿದೆ. ಅವಳ ಕೈ ನಿಂತಿತು.

"ಅಂಗಾರೆ ಇವು ಯಾರ್ಗೂ ಆಗಕಿಲ್ವಾ?"

"ಆಗಲ್ಲ ಕಣಕ್ಕ."

"ಆ ಮಗಾ ನಡೀತಾಳಾ?"

"ಇನ್ನೂ ಇಲ್ಲ."

"ಇದ್ರಲ್ಲಿ ಯಾವ್ದು ಅವ್ಳ ಮೈಯೊಳ್ಗಿದ್ದಿದ್ದು?"

ಗೊತ್ತಿಲ್ಲ ಎಂದೆ. ಅವಳು ನಾಲ್ಕನ್ನೂ ಅಂಗೈಯಲ್ಲಿಟ್ಟು ನೋಡಿದಳು. "ನಮ್ಮಿಂದಾಗಿ ಅವ್ಳ್ಗೆ ಕೇಡಾಗ್ಬಾರ್ದು. ಅವ್ಳು ನಡಿಯೋಗಂಟ ಸ್ವಾಮಾರ ಪೂಜೆ ಬುಡಕಿಲ್ಲ ನಾನು" ಎಂದು ಎದ್ದು ಹೋಗಿ ಅವನ್ನು ಮತ್ತೆ ಭರಣಿಗೆ ಹಾಕಿದಳು.

ಆಮೇಲೆ ಪ್ರತಿ ಸೋಮವಾರ ಸಂಜೆ ನನಗೆ ಫೋನ್ ಬರುತ್ತಿತ್ತು. ಯೋಗಕ್ಷೇಮವಿಲ್ಲ, ಬೇರೆ ಮಾತಿಲ್ಲ. "ನಡುದ್ಲಾ?" ಇಲ್ಲ ಕಣಕ್ಕ, ಬೆರಳು ಅಲ್ಲಾಡ್ತಾವಂತೆ. ಫೋನ್ ಇಡುತ್ತಿದ್ದಳು. "ನಡುದ್ಲಾ?" ಇಲ್ಲ, ಹಿಡ್ಕೊಂಡು ನಿಂತ್ಕೊತಾಳಂತೆ. ಅಡುಗೆಮನೆಯಲ್ಲಿ ನಿಂತು ಆ ಫೋನಿಗೆ ಕಾಯುವಾಗ ಅನ್ನ ಸೀದದ್ದೂ ಉಂಟು. ಯಜಮಾನರು ಒಮ್ಮೆ, "ಆಯಮ್ಮ ನಿನ್ಗೆ ವಾರ್ಕೊಂದ್ ದಿನ ಪರೀಕ್ಷೆ ಮಡಗವ್ಳೆ ಕಣೇ" ಎಂದರು. ನಿಜವೇ.

ಏಳನೆಯ ತಿಂಗಳು. ಕೆಲಸಕ್ಕೆ ಹೊರಟವಳು ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಮೈಸೂರು ಬಸ್ಸಿನ ಬಾಗಿಲಲ್ಲಿ ಒಂದು ಕೋಲು ಕಂಡಿತು, ಅದರ ಹಿಂದೆ ಶಬಾನಾ. ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ಬಸ್ಸಿನ ಸರಳು. ತಾಯಿ ಹಿಂದೆ ನಿಂತು ಎರಡೂ ಕೈ ಚಾಚಿದ್ದರು, ಆದರೆ ಮುಟ್ಟುತ್ತಿರಲಿಲ್ಲ. ಹುಡುಗಿ ಒಂದು ಮೆಟ್ಟಿಲು ಹತ್ತಿದಳು. ನಿಂತಳು. ಎರಡನೆಯದು. ಒಳಗೆ ಹೋದಳು. ಕಂಡಕ್ಟರ್ ಬೈಯದೆ ಕಾದ.

ನೂರ್‌ಜಾನ್ ಹತ್ತುವ ಮುಂಚೆ ನನ್ನನ್ನು ನೋಡಿದರು. ಮುಖ ತಿರುಗಿಸುತ್ತಾರೆ ಎಂದುಕೊಂಡೆ. ನಾಲ್ಕು ಹೆಜ್ಜೆ ನನ್ನ ಕಡೆ ಬಂದರು.

"ನಿಮ್ಗೆ ನಾನು ಮಾಫ್ ಮಾಡಿಲ್ಲ" ಎಂದರು. "ಆದ್ರೆ ಹಂಗಳದಲ್ಲಿ ಆಯಮ್ಮ ಇದಾರಲ್ಲ, ಅವ್ರಿಗೆ ಹೇಳಿ. ನನ್ ಮಗಳು ಮೆಟ್ಲು ಹತ್ತಿದ್ಲು ಅಂತ."

ಅಂದು ಸೋಮವಾರವಲ್ಲ. ನಾನೇ ಕೆಂಪಮ್ಮನಿಗೆ ಫೋನ್ ಮಾಡಿ ಹೇಳಿದೆ. ಆ ಕಡೆಯಿಂದ ಒಂದು ಕೋಳಿ ಕೂಗುವುದು ಮಾತ್ರ ಕೇಳಿಸಿತು.

"ಅಂಗಾರೆ ಬಾ ಕಣವ್ವ" ಎಂದಳು. "ಇವುಗ್ಳ ನೀರ್ಗೆ ಬುಟ್ಟು ಬರನ. ನಮ್ಮೋರೂ ಅಲ್ಲಿ ಕಾಯ್ಕೊಂಡವ್ರೆ ಅನ್ಸತ್ತೆ."

ಅಮಾವಾಸ್ಯೆಯ ದಿನ ಇಬ್ಬರೂ ನಂಜನಗೂಡಿಗೆ ಹೋದೆವು. ಕಪಿಲಾ ನದಿಯ ಸೋಪಾನದಲ್ಲಿ ಮೊಣಕಾಲಷ್ಟು ನೀರಿಗಿಳಿದು ಕೆಂಪಮ್ಮ ಭರಣಿಯ ಮುಚ್ಚಳ ತೆಗೆದಳು. ಬಿಡುವ ಮುಂಚೆ ಒಂದು ನಿಮಿಷ ಎಂದು ಅವಳ ಕೈ ಹಿಡಿದೆ. ಕುಂಕುಮದೊಳಗೆ ಬೆರಳು ಹಾಕಿ ಎಣಿಸಿದೆ. ಅವಳು ಏಕೆಂದು ಕೇಳಲಿಲ್ಲ.

ನಾಲ್ಕಿದ್ದವು.